ಹೊಸ ವಿಂಡೋಸ್ ಬಂತು, ಹಳೇ ಪ್ರಿಂಟರ್ ಮುನಿಸಿಕೊಂಡಿತು!

"ವೈನಿ, ಪ್ರಿಂಟರ್ ಹೋತು ನೋಡ್ರಿ. ನಾಳೆ ಸಂಜೀಕ ನೂರಾ ಐವತ್ತು ಪ್ಯಾಕೆಟ್ ಕೊಡಬೇಕು, ಒಂದು ಲೇಬಲ್ಲೂ ಬರವಲ್ದು."

2025ರ ದೀಪಾವಳಿ ಮುಗಿದ ವಾರ ಸಿಂದಗಿಯಿಂದ ನನ್ನ ನಾದಿನಿ ಮಾಡಿದ ಫೋನು ಇದು. ಆಕೆ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಪ್ಯಾಕೆಟ್ ಮೇಲೆ ತೂಕ, ತಯಾರಿಸಿದ ದಿನಾಂಕ, ಬೆಲೆ ಇರುವ ಲೇಬಲ್ ಇಲ್ಲದಿದ್ದರೆ ಅಂಗಡಿಯವರು ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಓದುವ ಮಗ ಹಬ್ಬಕ್ಕೆ ಬಂದವನು, "ಅವ್ವಾ, ಹಳೇ ವಿಂಡೋಸ್ ಇನ್ನ ಸೇಫ್ ಅಲ್ಲ" ಎಂದು ಕಂಪ್ಯೂಟರಿಗೆ ವಿಂಡೋಸ್ 11 ಹಾಕಿ, ಮರುದಿನವೇ ಬಸ್ ಹತ್ತಿದ್ದ. ಅವನದೇನೂ ತಪ್ಪಿಲ್ಲ ಬಿಡಿ, ಒಳ್ಳೆಯದಕ್ಕೇ ಮಾಡಿದ್ದ. ಆದರೆ ಅಂದಿನಿಂದ ಹದಿನಾಲ್ಕು ವರ್ಷದ ಪ್ರಿಂಟರ್ ಒಂದು ಹಾಳೆಯನ್ನೂ ಹೊರಹಾಕಲಿಲ್ಲ.

ರಿಪೇರಿ ಅಂಗಡಿಯಲ್ಲಿ ಕೇಳಿದರೆ, "ಭಾಳ ಹಳೇದಾತ್ರಿ ಅಕ್ಕಾರ, ಹೊಸಾದು ತಗೊಳ್ರಿ" ಅಂದರಂತೆ. ಹನ್ನೆರಡು ಸಾವಿರ! ಅದು ಆಕೆಯ ಎರಡು ತಿಂಗಳ ಉಳಿತಾಯ. ಮನೆಯಲ್ಲಿ ಯಜಮಾನರು, "ಇಷ್ಟೆಲ್ಲಾ ತ್ರಾಸು ಯಾಕ? ಬಿಟ್ಟ ಬಿಡು ಈ ಉಸಾಬರಿ" ಎಂದುಬಿಟ್ಟರು. ಪ್ರಿಂಟರ್ ಕೆಟ್ಟದ್ದಕ್ಕಿಂತ ಆ ಮಾತೇ ಆಕೆಗೆ ಹೆಚ್ಚು ಚುಚ್ಚಿತ್ತು.

ಇದೇ ಪಾಡನ್ನು ನಮ್ಮ ಮನೆಯಲ್ಲಿ ನಾನು ಮೊದಲೇ ಪಟ್ಟಿದ್ದೆ. ಹಾಗಾಗಿ ಬಸವನ ಬಾಗೇವಾಡಿಯಲ್ಲಿ ಕುಳಿತು ಫೋನಿನಲ್ಲೇ ಒಂದೊಂದಾಗಿ ಹೇಳುತ್ತಾ ಹೋದೆ. ಮುಕ್ಕಾಲು ಗಂಟೆಯಲ್ಲಿ ಲೇಬಲ್ ಬಂತು. ಖರ್ಚು? ಸೊನ್ನೆ. ಆ ದಿನ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ. ಪ್ರಿಂಟರನ್ನು ವಿಜಯಪುರದ ಸರ್ವಿಸ್ ಸೆಂಟರಿಗೆ ಒಯ್ಯಬೇಕೆಂದರೆ ಸಿಂದಗಿಯಿಂದ ಸುಮಾರು 60 ಕಿಲೋಮೀಟರ್, ಮುದ್ದೇಬಿಹಾಳದಿಂದ ಸುಮಾರು 80. ಹೊರಡುವ ಮುನ್ನ ಮನೆಯಲ್ಲೇ ಒಂದು ಗಂಟೆ ಕೊಟ್ಟು ನೋಡಿ.

ಯಾಕೆ ಹೀಗಾಗುತ್ತದೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದೇನೂ ಮೊದಲ ಸಲವಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹೀಗೇ ಆಗಿತ್ತು. ಪ್ರತಿ ಸಲವೂ ಹೊಸದನ್ನು ಹಾಕಿಸಿಕೊಂಡ ಮನೆಗಳಲ್ಲಿ ಪ್ರಿಂಟರ್, ಸ್ಕ್ಯಾನರ್, ಕ್ಯಾಮೆರಾಗಳ ರಗಳೆ ಶುರುವಾಗುತ್ತದೆ.

ಕಾರಣ ಸರಳ. ಕಂಪ್ಯೂಟರ್ ಪ್ರತಿಯೊಂದು ಯಂತ್ರದ ಜೊತೆ ಮಾತಾಡಲು 'ಡ್ರೈವರ್' ಎಂಬ ಸಣ್ಣ ಸಾಫ್ಟ್‌ವೇರ್ ಬೇಕು. ಹೊಸದಾಗಿ ಮನೆಗೆ ಬಂದ ಸೊಸೆಗೆ ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಿರುತ್ತದೆಯೇ? ಅತ್ತೆ ಒಮ್ಮೆ ತೋರಿಸಬೇಕು. ಹೊಸ ವಿಂಡೋಸ್ ಕಥೆಯೂ ಅಷ್ಟೇ. ಯಂತ್ರ ಕೆಟ್ಟಿರುವುದಿಲ್ಲ, ಪರಿಚಯ ತಪ್ಪಿರುತ್ತದೆ. ಆದ್ದರಿಂದ ಮೊದಲೇ 'ಹೋಯಿತು' ಎಂದು ಕೈಚೆಲ್ಲಬೇಡಿ.

ಮೊದಲು ಹತ್ತು ದಿನದ ಲೆಕ್ಕ ಹಾಕಿ

ಕಂಪ್ಯೂಟರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿಸದೆ, ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಮಾತ್ರ ಮಾಡಿದ್ದೀರಾ? ಹಾಗಿದ್ದರೆ ಹತ್ತು ದಿನದೊಳಗೆ ಹಳೆಯದಕ್ಕೇ ವಾಪಸು ಹೋಗಬಹುದು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ರಿಕವರಿ, ಅಲ್ಲಿ 'ಗೋ ಬ್ಯಾಕ್' ಎಂಬ ಬಟನ್ ಇರುತ್ತದೆ. 'ಜಾಗ ಖಾಲಿ ಮಾಡ್ತೀನಿ' ಎಂದು ಹಳೇ ವಿಂಡೋಸ್ ಫೈಲುಗಳನ್ನು ಅಳಿಸಿಬಿಟ್ಟರೆ ಮಾತ್ರ ಈ ದಾರಿ ಮುಚ್ಚಿತು. ಅರ್ಜೆಂಟ್ ಆರ್ಡರ್ ಇದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಕೆಲಸ ಮುಗಿಸಿ, ಆಮೇಲೆ ನಿಧಾನವಾಗಿ ಹೊಸದಕ್ಕೆ ಹೋಗಬಹುದು. ಹೊಂದಿಕೊಂಡದ್ದೆಲ್ಲ ಹಾಳಾಗದಿರಲಿ ಎಂದರೆ ನಿಮ್ಮ ಫೋಟೋ, ಲೆಕ್ಕದ ಫೈಲುಗಳನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ.

ವೈರಿನಿಂದ ಶುರು ಮಾಡಿ

ನಗಬೇಡಿ! ನಾದಿನಿಯ ಮನೆಯ ಅರ್ಧ ಸಮಸ್ಯೆ ವೈರಿನಲ್ಲೇ ಇತ್ತು. ಮಗ ಮೇಜು ಒರೆಸುವಾಗ ಪ್ರಿಂಟರಿನ ವೈರನ್ನು ಕಂಪ್ಯೂಟರಿನಿಂದ ತೆಗೆದು, ನಾಲ್ಕು ಬಾಯಿಯ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದ್ದ.

ಹಬ್ ತೆಗೆದು ವೈರನ್ನು ನೇರವಾಗಿ ಕಂಪ್ಯೂಟರಿಗೇ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್ ಒಳ್ಳೆಯದು. ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಹಾಕಿ ನೋಡಿ. ಒಳಗೆ ನೀಲಿ ಬಣ್ಣ ಇರುವುದು ಸಾಮಾನ್ಯವಾಗಿ ಹೊಸ ಬಗೆಯ ಪೋರ್ಟ್. ಹಳೇ ಯಂತ್ರ ಕೆಲವೊಮ್ಮೆ ಕಪ್ಪು ಬಣ್ಣದ ಪೋರ್ಟಿನಲ್ಲಿ ಚೆನ್ನಾಗಿ ನಡೆಯುತ್ತದೆ. ಹಳೇ ಯುಎಸ್‌ಬಿ 2.0 ವೈರ್ 5 ಮೀಟರಿಗಿಂತ ಉದ್ದ ಇರಬಾರದು. ಆ ಕೋಣೆಯಿಂದ ಈ ಕೋಣೆಗೆ ಎಳೆದಿದ್ದರೆ ಗಿಡ್ಡ ವೈರ್ ಹಾಕಿ ಪರೀಕ್ಷಿಸಿ. ನಮ್ಮ ಕಡೆ ಧೂಳೂ ಜಾಸ್ತಿ. ಸ್ವಿಚ್ ಆಫ್ ಮಾಡಿ, ಒಣ ಬ್ರಶ್ಶಿನಿಂದ ಪೋರ್ಟ್ ಮೆಲ್ಲಗೆ ಒರೆಸಿ.

ಆಮೇಲೆ ಪ್ರಿಂಟರಿನ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ಕಂಪ್ಯೂಟರನ್ನು 'ಶಟ್ ಡೌನ್' ಮಾಡದೆ 'ರಿಸ್ಟಾರ್ಟ್' ಮಾಡಿ. ಎರಡೂ ಒಂದೇ ಅಲ್ಲವೇ ಎನ್ನುತ್ತೀರಾ? ಅಲ್ಲ. ಬೇಗ ಶುರುವಾಗಲೆಂದು ವಿಂಡೋಸ್ ಶಟ್ ಡೌನ್ ಮಾಡಿದಾಗ ಒಂದಿಷ್ಟನ್ನು ನೆನಪಿಟ್ಟುಕೊಂಡೇ ಮಲಗುತ್ತದೆ. ರಿಸ್ಟಾರ್ಟ್ ಮಾಡಿದಾಗಲೇ ಪೂರ್ತಿ ಹೊಸದಾಗಿ ಏಳುವುದು.

ಒಂದೇ ಪ್ರಿಂಟರ್, ಎರಡು ಹೆಸರು

ಉಳಿದ ಅರ್ಧ ಸಮಸ್ಯೆ ಇಲ್ಲಿತ್ತು. ಸೆಟ್ಟಿಂಗ್ಸ್‌ನಲ್ಲಿ 'ಬ್ಲೂಟೂತ್ ಅಂಡ್ ಡಿವೈಸಸ್', ಅದರೊಳಗೆ 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್' ತೆರೆದರೆ ಒಂದೇ ಪ್ರಿಂಟರ್ ಎರಡು ಸಲ ಕಾಣುತ್ತಿತ್ತು. ಎರಡನೆಯದರ ಮುಂದೆ 'ಕಾಪಿ 1' ಎಂದಿತ್ತು. ವೈರನ್ನು ಬೇರೆ ಪೋರ್ಟಿಗೆ ಹಾಕಿದಾಗ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದೇ ತಿಳಿದು ಇನ್ನೊಂದು ಹೆಸರು ಬರೆದುಕೊಂಡಿತ್ತು. ಲೇಬಲ್ಲುಗಳೆಲ್ಲ ಈಗ ಇಲ್ಲದ ಹಳೇ ಹೆಸರಿಗೆ ಹೋಗಿ ಸಾಲಾಗಿ ನಿಂತಿದ್ದವು.

ಆ ಪುಟದಲ್ಲೇ 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್' ಎಂಬುದನ್ನು ಆಫ್ ಮಾಡಿ. ಸರಿಯಾಗಿ ನಡೆಯುವ ಹೆಸರನ್ನು ಆರಿಸಿ 'ಸೆಟ್ ಆ್ಯಸ್ ಡಿಫಾಲ್ಟ್' ಒತ್ತಿ. ಇನ್ನೊಂದನ್ನು ರಿಮೂವ್ ಮಾಡಿ. ಸಿಕ್ಕಿಕೊಂಡ ಹಾಳೆಗಳು ಹೋಗುತ್ತಲೇ ಇಲ್ಲವೆಂದರೆ, ಸ್ಟಾರ್ಟ್‌ನಲ್ಲಿ 'ಸರ್ವಿಸಸ್' ಎಂದು ಹುಡುಕಿ, 'ಪ್ರಿಂಟ್ ಸ್ಪೂಲರ್' ಮೇಲೆ ಮೌಸಿನ ಬಲಗುಂಡಿ ಒತ್ತಿ ರಿಸ್ಟಾರ್ಟ್ ಮಾಡಿ.

ಮುದ್ದೇಬಿಹಾಳದಲ್ಲಿ ನನ್ನ ಅಕ್ಕ ಕಿರಾಣಿ ಅಂಗಡಿಯ ಬಿಲ್ಲಿಗೆ ಇನ್ನೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೇ ಇಟ್ಟುಕೊಂಡಿದ್ದಾಳೆ. ಅದರ ಅಗಲ ಬಾಯಿಯ ವೈರಿಗೆ ಹೊಸ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಯುಎಸ್‌ಬಿಗೆ ಬದಲಿಸುವ ಕನ್ವರ್ಟರ್ ವೈರ್ ತಂದು ಹಾಕಿದರೂ ಬಿಲ್ ಬರಲಿಲ್ಲ. ಪ್ರಿಂಟರ್ ಪ್ರಾಪರ್ಟೀಸ್‌ನ 'ಪೋರ್ಟ್ಸ್' ಪುಟದಲ್ಲಿ ಇನ್ನೂ ಹಳೆಯ 'ಎಲ್‌ಪಿಟಿ 1' ಎಂದೇ ಇತ್ತು. 'ಯುಎಸ್‌ಬಿ 001' ಎಂದು ಗುರುತು ಬದಲಿಸಿದ ಮೇಲೆ ಟರ್ರ್ ಎಂದು ಶುರುವಾಯಿತು.

ಡ್ರೈವರ್ ಎಲ್ಲಿಂದ ತರುವುದು?

ಸ್ಟಾರ್ಟ್ ಬಟನ್ ಮೇಲೆ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಯಾವುದರ ಮುಂದಾದರೂ ಹಳದಿ ತ್ರಿಕೋನ ಇದ್ದರೆ ಅದಕ್ಕೆ ಸರಿಯಾದ ಡ್ರೈವರ್ ಸಿಕ್ಕಿಲ್ಲ ಎಂದರ್ಥ.

ಮೊದಲು ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್‌ನಲ್ಲಿ ನೋಡಿ. ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಆದರೆ ಪ್ರಿಂಟರ್ ಕಂಪನಿಗಳ ಡ್ರೈವರುಗಳನ್ನು ಈ ದಾರಿಯಲ್ಲಿ ಕೊಡುವುದನ್ನು ಹಂತಹಂತವಾಗಿ ಕಡಿಮೆ ಮಾಡುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲೇ ಹೇಳಿದೆ. ಹಾಗಾಗಿ ಅಲ್ಲಿ ಸಿಗದಿದ್ದರೆ ಪ್ರಿಂಟರಿನ ಹಿಂದೆ ಅಥವಾ ಕೆಳಗೆ ಇರುವ ಮಾಡೆಲ್ ನಂಬರ್ ಬರೆದುಕೊಂಡು, ಆ ಕಂಪನಿಯ ಸ್ವಂತ ವೆಬ್‌ಸೈಟಿಗೇ ಹೋಗಿ. ವಿಂಡೋಸ್ 11ರದ್ದು ಇಲ್ಲದಿದ್ದರೆ ವಿಂಡೋಸ್ 10ರ 64 ಬಿಟ್ ಡ್ರೈವರ್ ಸಾಮಾನ್ಯವಾಗಿ ನಡೆಯುತ್ತದೆ. ವಿಂಡೋಸ್ 11 ಬರೀ 64 ಬಿಟ್ ಆದ್ದರಿಂದ, ಹಳೇ ಸಿಡಿಯಲ್ಲಿರುವ 32 ಬಿಟ್ ಡ್ರೈವರ್ ಉಪಯೋಗಕ್ಕೆ ಬಾರದು.

ಹಾಕುವಾಗ ಒಂದು ಕ್ರಮವಿದೆ. ಪ್ರಿಂಟರ್ ವೈರ್ ತೆಗೆದಿಡಿ, ಸಾಫ್ಟ್‌ವೇರ್ ಹಾಕಿ, ಅದು 'ಈಗ ಜೋಡಿಸಿ' ಎಂದಾಗ ಮಾತ್ರ ವೈರ್ ಸಿಕ್ಕಿಸಿ. ಅವಸರ ಬೇಡ.

ಇಲ್ಲೊಂದು ಎಚ್ಚರಿಕೆ. ಡ್ರೈವರ್ ಹುಡುಕುವಾಗ 'ನಿಮ್ಮ ಎಲ್ಲ ಡ್ರೈವರ್ ಒಂದೇ ಸಲ ಸರಿ ಮಾಡುತ್ತೇವೆ' ಎಂಬ ಜಾಹೀರಾತು ಬರುತ್ತವೆ, ಸಹಾಯವಾಣಿ ಎಂದು ಯಾವುದೋ ಫೋನ್ ನಂಬರ್ ಕಾಣುತ್ತದೆ. ಅವಕ್ಕೆ ಫೋನ್ ಮಾಡಬೇಡಿ, ಓಟಿಪಿ ಹೇಳಬೇಡಿ, ಅವರು ಹೇಳಿದ ಆ್ಯಪ್ ಹಾಕಿ ಕಂಪ್ಯೂಟರನ್ನು ಅವರ ಕೈಗೆ ಕೊಡಬೇಡಿ. ಹಾಗೆಯೇ ಹಳೇ ಡ್ರೈವರ್ ಹಿಡಿಸುತ್ತಿಲ್ಲವೆಂದು ಯಾರಾದರೂ 'ಕೋರ್ ಐಸೊಲೇಶನ್' ಆಫ್ ಮಾಡಿ ಅಂದರೆ ಒಪ್ಪಬೇಡಿ. ಅದು ನಿಮ್ಮ ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿನ ಬಾಗಿಲ ಚಿಲಕ.

ಇವು ಕೆಟ್ಟದ್ದಲ್ಲ

ಇಂಡಿಯಲ್ಲಿರುವ ಗೆಳತಿಯೊಬ್ಬಳು, "ಕ್ಯಾಮೆರಾ ಸುಟ್ಟದ, ಮಗಳ ಮಾರಿ ನೋಡಿ ವಾರಾತು" ಎಂದು ಗೋಳಾಡುತ್ತಿದ್ದಳು. ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ'ಯಲ್ಲಿ ಕ್ಯಾಮೆರಾಕ್ಕೆ ಅನುಮತಿ ಆಫ್ ಆಗಿತ್ತು, ಅಷ್ಟೇ. ಮೈಕಿಗೂ ಅಲ್ಲೇ ಬೇರೆ ಅನುಮತಿ ಇದೆ, ಎರಡನ್ನೂ ನೋಡಿ.

ಇನ್ನೊಂದು ನಮ್ಮ ಕನ್ನಡದ್ದೇ ಸಮಸ್ಯೆ. ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್ ತೆರೆದರೆ ಕನ್ನಡದ ಬದಲು ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆಯೇ? ಅದು ಪ್ರಿಂಟರಿನ ದೋಷವಲ್ಲ. ಫಾರ್ಮ್ಯಾಟ್ ಮಾಡಿದಾಗ ನುಡಿಯ ಹಳೇ ಫಾಂಟುಗಳು ಹೋಗಿವೆ. ಮತ್ತೆ ಹಾಕಿಕೊಂಡರೆ ಅಕ್ಷರ ಮರಳುತ್ತವೆ. ಮುಂದಿನದನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿದರೆ ಈ ತಾಪತ್ರಯ ಇರುವುದಿಲ್ಲ.

ಏನು ಮಾಡಿದರೂ ಆಗದಿದ್ದರೆ?

ಎಲ್ಲವೂ ಸರಿಯಾಗುತ್ತದೆ ಎಂದು ಹೇಳಿದರೆ ಸುಳ್ಳಾದೀತು. ನಮ್ಮ ಮನೆಯ ಸ್ಕ್ಯಾನರಿಗೆ 64 ಬಿಟ್ ಡ್ರೈವರನ್ನು ಕಂಪನಿ ಮಾಡಲೇ ಇಲ್ಲ. ಅವ್ವನ ಮದುವೆಯ ಫೋಟೋಗಳೆಲ್ಲ ಅದರಲ್ಲೇ ಸ್ಕ್ಯಾನ್ ಆಗಬೇಕಿತ್ತು. ಕೊನೆಗೆ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರನ್ನು ಇಂಟರ್‌ನೆಟ್ ಸಂಪರ್ಕ ಪೂರ್ತಿ ತೆಗೆದು, ಸ್ಕ್ಯಾನರಿಗೆಂದೇ ಇಟ್ಟುಕೊಂಡೆ. ಫೋಟೋಗಳು ಪೆನ್‌ಡ್ರೈವಿನಲ್ಲಿ ಹೊಸ ಕಂಪ್ಯೂಟರಿಗೆ ಬರುತ್ತವೆ. ಪ್ರತಿ ಸಲವೂ ವೈರಸ್ ಪರೀಕ್ಷೆ ಮಾಡಿಯೇ ತೆರೆಯುತ್ತೇನೆ. ಹಳೇ ಸ್ಕ್ಯಾನರುಗಳನ್ನು ಎಬ್ಬಿಸುವ, ದುಡ್ಡು ಕೊಟ್ಟು ಕೊಳ್ಳುವ ವ್ಯೂಸ್ಕ್ಯಾನ್‌ನಂಥ ಸಾಫ್ಟ್‌ವೇರುಗಳೂ ಇವೆ. ಕೊಳ್ಳುವ ಮೊದಲು ನಿಮ್ಮ ಮಾಡೆಲ್ ಅದರ ಪಟ್ಟಿಯಲ್ಲಿದೆಯೇ ನೋಡಿ.

ನಿಜಕ್ಕೂ ಬಿಸಾಡಲೇಬೇಕೆಂದಾದರೆ ಕಸದ ಗಾಡಿಗೆ ಹಾಕಬೇಡಿ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅಧಿಕೃತವಾಗಿ ಸಂಗ್ರಹಿಸುವವರಿಗೇ ಕೊಡಿ.

ನಾದಿನಿಯ ನೂರಾ ಐವತ್ತು ಪ್ಯಾಕೆಟ್ ಮರುದಿನ ಸಂಜೆ ಅಂಗಡಿ ಸೇರಿದವು. ಹನ್ನೆರಡು ಸಾವಿರ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ 'ಉಸಾಬರಿ ಬಿಡು' ಎಂಬ ಮಾತು ಮತ್ತೆ ಬರಲಿಲ್ಲ. ಈಗ ಮಗ ಊರಿಗೆ ಬಂದು ಕಂಪ್ಯೂಟರ್ ಮುಂದೆ ಕೂತರೆ ಆಕೆ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಏ, ತಡಿಯೋ! ಮೊದಲ ನನ್ನ ಆರ್ಡರ್ ಮುಗೀಲಿ." ನೀವೂ ಹಾಗೇ ಹೇಳಿ. ಅದು ನಿಮ್ಮ ದುಡಿಮೆಯ ಯಂತ್ರ.

ಅಪ್‌ಗ್ರೇಡ್‌ಗೆ ಮೊದಲು ನೆನಪಿರಲಿ

* ಪ್ರಿಂಟರ್, ಸ್ಕ್ಯಾನರ್, ಕ್ಯಾಮೆರಾಗಳ ಮಾಡೆಲ್ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

* ಅವುಗಳ 64 ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ಕಂಪನಿ ವೆಬ್‌ಸೈಟಿನಲ್ಲಿ ಮೊದಲೇ ನೋಡಿ, ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

* ಯಾವ ವೈರ್ ಯಾವ ಪೋರ್ಟಿನಲ್ಲಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

* ಹಬ್ಬ, ಪರೀಕ್ಷೆ, ದೊಡ್ಡ ಆರ್ಡರ್ ಇರುವ ವಾರ ಅಪ್‌ಗ್ರೇಡ್ ಬೇಡವೇ ಬೇಡ.

* ಅಪ್‌ಗ್ರೇಡ್ ಆದ ದಿನವೇ ಎಲ್ಲ ಯಂತ್ರಗಳನ್ನೂ ಒಮ್ಮೆ ನಡೆಸಿ ನೋಡಿ. ಹತ್ತು ದಿನದ ಗಡುವು ಮರೆಯಬೇಡಿ.