ಸೀರೆ ಸವೆದ ಮೇಲೆ

ಇಳಕಲ್ ಸೀರೆ ಎಲ್ಲ ಕಡೆ ಒಂದೇ ಸಮನೆ ಹರಿಯುವುದಿಲ್ಲ. ಹೊಲ, ಒಲೆ, ಬಟ್ಟೆ ಒಗೆಯುವ ಕಲ್ಲು ಎಲ್ಲದಕ್ಕೂ ಮೈಯೊಡ್ಡುವ ಹತ್ತಿಯ ಒಡಲು ಮೊದಲು ಸೋಲುತ್ತದೆ. ಕೆಂಪು ಸೆರಗು ಇನ್ನೂ ಗಟ್ಟಿಯಾಗಿರುತ್ತದೆ. ಹರಿದಲ್ಲಿ ಮೊದಲು ತೇಪೆ. ತೇಪೆಯೂ ನಿಲ್ಲದಿದ್ದರೆ ಸವೆದ ನಡುಭಾಗವನ್ನೇ ಕತ್ತರಿಸಿ ತೆಗೆದು, ಎರಡು ತುದಿ ಕೂಡಿಸಿ ಹೊಲಿದು ಉಡುವುದು. ಅದಕ್ಕೂ ಬಾರದ ಸೀರೆ, ಧೋತರ, ಕುಬಸ ಎಲ್ಲ ಒಂದು ಗಂಟು ಸೇರಿ ಅಟ್ಟ ಹತ್ತುತ್ತಿದ್ದವು. ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿಯುವ ಉತ್ತರ ಕರ್ನಾಟಕದ ಹೊದಿಕೆ, ಕೌದಿ, ಹುಟ್ಟಿದ್ದು ಈ ಗಂಟಿನಿಂದ.

ಹೊಲಿಗೆ ತೀರಾ ಸಾದಾ: ಸೂಜಿ ಮೇಲೊಮ್ಮೆ, ಕೆಳಗೊಮ್ಮೆ. ಜಾಣತನ ಇರುವುದು ಜೋಡಣೆಯಲ್ಲಿ. ಜಾಳಾದ ಚಿಂದಿ ಒಳಪದರಕ್ಕೆ, ಮೆತ್ತಗಿನ ಹಳೆಯ ಸೀರೆ ಮೈಗೆ ತಾಗುವ ಕಡೆಗೆ, ಬಣ್ಣ ಉಳಿಸಿಕೊಂಡ ತುಂಡು ಮೇಲಕ್ಕೆ. ಕೆಲಸ ಅಂಚಿನಿಂದ ಶುರುವಾಗಿ ಸುತ್ತು ಹಾಕುತ್ತ ನಡುವಿಗೆ ಬರುತ್ತದೆ. ಹೀಗಾಗಿ ಪದರಗಳು ಸರಿಯುವುದಿಲ್ಲ, ನಾಲ್ಕು ಮಂದಿ ನಾಲ್ಕು ದಿಕ್ಕಿಗೆ ಕೂತು ಹೊಲಿಯಬಹುದು, ಮಾತೂ ಸಾಗುತ್ತದೆ. ಹೊಲಿಗೆ ಮುಗಿಯುವ ಮುನ್ನ ಒಳಗೊಂದು ರೊಟ್ಟಿ ಚೂರು ಇಟ್ಟು ‘ಕೌದಿಯ ಹೊಟ್ಟೆ ತುಂಬಿಸುವ’ ರೂಢಿ ಕೆಲವೆಡೆ ಇದೆ.

ಮನೆಯಾಕೆಗೆ ಪುರುಸೊತ್ತಿಲ್ಲದಿದ್ದರೆ ಗೊಂದಳಿಗ ಸಮುದಾಯದ ಹೆಣ್ಣುಮಕ್ಕಳು ಬರುತ್ತಿದ್ದರು. ಕಟ್ಟೆಯ ಮೇಲೆ ಗಂಟು ಬಿಚ್ಚಿ, ಯಾವುದು ಹೊಲಿಗೆ ತಡೆದೀತು ಎಂದು ಎಳೆದು ನೋಡಿ ಆರಿಸುತ್ತಿದ್ದರು. ಕೌದಿ ಅವರಿಗೆ ಹೊಟ್ಟೆಪಾಡು. ಕಲೆ ಎಂಬ ಬಿರುದು ಅದಕ್ಕೆ ಆಮೇಲೆ ಅಂಟಿದ್ದು.

ಆ ಬಿರುದು ಬಂದದ್ದು ಬಹುಮಟ್ಟಿಗೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರ ಮೂಲಕ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅವರಲ್ಲಿದೆ. ಅವರ ಕೌದಿಗೆ ಕವಂದಿ ಎಂದು ಹೆಸರು. ಅದೂ ಅಂಚಿನಿಂದಲೇ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ಮಾತ್ರ ಮಡಚಿದ ಬಟ್ಟೆಯ ತ್ರಿಕೋನಗಳು. ಅವಕ್ಕೆ ‘ಫೂಲ’ ಎನ್ನುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬೆನ್ನು ಹತ್ತಿದರು. 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರ ಗುಂಪೊಂದು ರೂಪುಗೊಂಡಿತು. 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದ ಗೋಡೆ ಏರಿದವು. ಹೊದೆಯುವ ವಸ್ತುವನ್ನು ಗೋಡೆಗೆ ತೂಗುಹಾಕುವುದು ನನಗೆ ಇನ್ನೂ ಸ್ವಲ್ಪ ಕಸಿವಿಸಿಯೇ. ಆದರೆ ಹೊಲಿದವರ ಕೈಗೆ ಕಾಸು ಬಂತಲ್ಲ, ಅದರ ಮುಂದೆ ನನ್ನ ಕಸಿವಿಸಿಗೆ ಬೆಲೆಯಿಲ್ಲ.

ಊರಲ್ಲಿ ಕೌದಿಗೆ ಪೆಟ್ಟು ಕೊಟ್ಟದ್ದು ಅಗ್ಗದ ಬ್ಲಾಂಕೆಟ್ಟೊಂದೇ ಅಲ್ಲ, ಪಾಲಿಯೆಸ್ಟರ್ ಸೀರೆ ಕೂಡ. ಅದು ಬೇಗ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಪದರ ಹಾಕಿದರೆ ಸೂಜಿಯಡಿ ಜಾರುತ್ತದೆ. ಹತ್ತಿ ಸೀರೆ ಸವೆದಂತೆಲ್ಲ ಮೆತ್ತಗಾಗುತ್ತಿತ್ತು. ಆ ಸವೆತವೇ ಕೌದಿಯ ಬಂಡವಾಳವಾಗಿತ್ತು. ಈಗ ಪೇಟೆಯ ಗಿರಾಕಿಗಳಿಗಾಗಿ ಥಾನಿನಿಂದ ಹೊಸ ಬಟ್ಟೆ ಕತ್ತರಿಸಿ, ತುಂಡು ಮಾಡಿ, ಮತ್ತೆ ಕೂಡಿಸಿ ಹೊಲಿಯುವುದೂ ನಡೆದಿದೆ.