ಹೂಂಗುಟ್ಟುವ ಮಗು

ಬೇಗೂರಿನಲ್ಲಿರುವ ನನ್ನ ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ಅವನಿಗೆ ಏಳು ವರ್ಷ. ಗುಂಡ್ಲುಪೇಟೆಯ ಕಡೆಯಿಂದ ಬರುವ ಮುಂಜಾನೆಯ ಬಸ್ಸು ಹತ್ತಿ ಮೈಸೂರು, ಅಲ್ಲಿಂದ ಬೆಂಗಳೂರಿನ ಆಸ್ಪತ್ರೆ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದ ಮೊದಲ ದಿನ ಜೊತೆಗಿದ್ದವನು ನಾನು. "ಏನೂ ನೋಯುವುದಿಲ್ಲ ಕಂದ" ಎಂದಿದ್ದೆ. ನೋಯಿತು. ಆಮೇಲೆ ಹುಡುಗ ಅಳಲಿಲ್ಲ. "ನೋಯಕಿಲ್ಲ ಅಂದಿದ್ರಲ್ಲ ಮಾವ" ಎಂದಷ್ಟೇ ಹೇಳಿ ಗೋಡೆಯ ಕಡೆಗೆ ಹೊರಳಿಕೊಂಡ. ಮಾತನ್ನೇ ನಂಬಿ ಬದುಕುವ ಅಧ್ಯಾಪಕನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಮುಂದಿನ ಸಲ ಮನಶ್ಶಾಸ್ತ್ರಜ್ಞೆಯೊಬ್ಬರು ಬಂದರು. ಅವರು ಸಮಾಧಾನ ಹೇಳಲಿಲ್ಲ. ಒಂದು ಬಟ್ಟೆಯ ಬೊಂಬೆಯನ್ನು ಮಲಗಿಸಿ, ಎಲ್ಲಿ ಒರೆಸುತ್ತಾರೆ, ಎಲ್ಲಿ ಚುಚ್ಚುತ್ತಾರೆ ಎಂಬುದನ್ನು ಅವನ ಕೈಯಿಂದಲೇ ಮಾಡಿಸಿದರು. "ಚುಚ್ಚುವಾಗ ನೋಯುತ್ತದೆ, ಎಷ್ಟೆಂದು ನೀನೇ ತೋರಿಸಬೇಕು" ಎಂದು ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳ ಸಾಲೊಂದನ್ನು ಕೊಟ್ಟರು. ಸೋಪಿನ ಗುಳ್ಳೆ ಊದಿಸಿ ಉಸಿರನ್ನು ನೀಳವಾಗಿ ಬಿಡುವುದನ್ನು ಕಲಿಸಿದರು. 'ಹೆದರಬೇಡ' ಎಂದರೆ, ಹೆದರಲು ಏನೋ ಇದೆ ಎಂದೇ ಮಗುವಿಗೆ ಕೇಳಿಸುತ್ತದಂತೆ. ಕೊನೆಗೆ ಅಕ್ಕನನ್ನು, ರಾತ್ರಿ ಯಾವ ಕಥೆ ಹೇಳುತ್ತೀರಿ ಎಂದು ಕೇಳಿದರು.

ನಮ್ಮ ಸೀಮೆಯಲ್ಲಿ ಕಥೆ ಎಂದ ಮೇಲೆ ಮಾದಪ್ಪನದು ಇರಲೇಬೇಕು. ಕೇಳುವವನು ಹೂಂಗುಟ್ಟಲೂ ಬೇಕು. ಸೂಜಿಯ ಹೊತ್ತಿಗೆ ಅಕ್ಕ, ಆ ತಾಯಿ ಹೇಳಿಕೊಟ್ಟಂತೆ, ಬೇಕೆಂದೇ ತಪ್ಪಿದಳು: "ಮಾದಪ್ಪ ಕರಡಿ ಏರಿ ಹೊರಟ." ಹಲ್ಲು ಕಚ್ಚಿ ಮಲಗಿದ್ದ ಹುಡುಗ, "ಹುಲಿ ಕಣವ್ವ!" ಎಂದ. ಅಂದು ಅವನು ಬೆರಳಿಟ್ಟದ್ದು ಅಳುವ ಮುಖದ ಮೇಲಲ್ಲ, ನಡುವಿನದರ ಮೇಲೆ.

ಇದರಲ್ಲಿ ಮಂತ್ರವೇನೂ ಇಲ್ಲ. ನೋವಿನ ಸಂದೇಶ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಬಾಗಿಲಿದ್ದಂತೆ ಎಂದು ಮೆಲ್‌ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು. ಭಯ, ಗಮನಗಳು ಅದನ್ನು ತೆರೆಯಲೂ ಬಲ್ಲವು, ಮುಚ್ಚಲೂ ಬಲ್ಲವು. ವಿವರಗಳು ಆಮೇಲೆ ತಿದ್ದುಪಡಿಯಾಗಿವೆ, ಮನಸ್ಸಿನ ಪಾತ್ರವನ್ನು ಮಾತ್ರ ಯಾರೂ ಅಲ್ಲಗಳೆದಿಲ್ಲ. ಆದರೆ ಕಥೆ ಔಷಧಕ್ಕೆ ಬದಲಲ್ಲ. ಮರಗಟ್ಟಿಸುವ ಮುಲಾಮು ಬೇಕಾದಲ್ಲಿ ಮುಲಾಮು, ಮಾರ್ಫಿನ್ ಬೇಕಾದಲ್ಲಿ ಮಾರ್ಫಿನ್. ಅವನ್ನು ಉಳಿಸಲೆಂದು ಕಥೆ ಹೇಳುವುದು ಕ್ರೌರ್ಯವೇ ಸರಿ.

ನಮ್ಮದೇ ಜಿಲ್ಲೆಯ ಸೋಲಿಗರ ಮಕ್ಕಳಲ್ಲಿ ಕಾಣುವ ಸಿಕಲ್ ಸೆಲ್ ರೋಗದಲ್ಲಿ ನೋವು ಮುನ್ಸೂಚನೆಯಿಲ್ಲದೆ ಎರಗುತ್ತದೆ. ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳನ್ನು ಕಟ್ಟುತ್ತವೆ. ಬೊಂಬೆ ತೋರಿಸಿ ಸಿದ್ಧಪಡಿಸಲು ಅಲ್ಲಿ ವೇಳೆಯೆಲ್ಲಿ? ಉಸಿರಾಟ, ಕಥೆಗಳನ್ನು ನೋವಿಲ್ಲದ ದಿನಗಳಲ್ಲೇ ಮನೆಯವರಿಗೆ ಕಲಿಸಿಡಬೇಕು. ಕಲಿಸುವವರು ತಾಲ್ಲೂಕು ಆಸ್ಪತ್ರೆಗಳಿಗೂ ಬಂದಾರೇ ಎಂಬುದೇ ನನ್ನ ಚಿಂತೆ.

ಹೋದ ತಿಂಗಳು ಮತ್ತೆ ಬಸ್ಸಿನಲ್ಲಿ ನಾನೇ ಜೊತೆಗಿದ್ದೆ. ನಂಜನಗೂಡು ದಾಟುವವರೆಗೂ ಕಥೆ ಹೇಳಿದೆ. ನಡುವೆ ತಡೆದು ಕೇಳಿದ:

"ಇವತ್ತು ನೋಯ್ತದಾ ಮಾವ?"

"ನೋಯ್ತದೆ" ಎಂದೆ.

"ಹೂಂ" ಎಂದ. "ಆಮೇಲೆ?"