ಮರದ ಹೆಗಲೇರಿದ ಗಣಪೆಕಾಯಿ

ಕಾಯಿಯೊಂದರ ಉದ್ದ ಒಂದು ಮೀಟರು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅದೂ ಅವರೆ, ತೊಗರಿಗಳ ಬಳಗದ್ದು! ಪಶ್ಚಿಮ ಘಟ್ಟದ ಹಳ್ಳದ ದಂಡೆಯಲ್ಲಿ ತಲೆಯೆತ್ತಿ ನೋಡಿದವರಿಗೆ ಯಾರೋ ಮರಕ್ಕೆ ಕತ್ತಿಯ ಒರೆಗಳನ್ನು ನೇತುಹಾಕಿದಂತೆ ಕಾಣುತ್ತದೆ. ಕೆಲವೆಡೆ ಇದು ಗಣಪೆಕಾಯಿ, ಕೆಲವೆಡೆ ಹಲ್ಲೆಕಾಯಿ. ಸಸ್ಯಶಾಸ್ತ್ರದಲ್ಲಿ ಎಂಟಾಡ ರೀಡೈ. ಅಂಗಳದ ಮೂಲೆಯ ಮುಟ್ಟಿದರೆ ಮುನಿ ಇದರ ನೆಂಟ ಎಂದರೆ ನಂಬುವುದು ಕಷ್ಟ.

ಬಳ್ಳಿ ಎಂದಾಕ್ಷಣ ಮಲ್ಲಿಗೆ ನೆನಪಾಗಬಾರದು. ಬಲಿತ ಗಣಪೆಯ ಬುಡ ತೊಡೆಯಷ್ಟು ದಪ್ಪ, ಹುರಿ ಹೊಸೆದ ಹಗ್ಗದಂತೆ ತಿರುಚಿದ ಕಟ್ಟಿಗೆ. ಆದರೂ ಸ್ವಂತ ಕಾಲ ಮೇಲೆ ನಿಲ್ಲುವ ಉಸಾಬರಿ ಅದಕ್ಕಿಲ್ಲ. ಮರ ವರ್ಷಗಟ್ಟಲೆ ಕಾಂಡ ಕಟ್ಟುತ್ತ ಕೂರುತ್ತದೆ. ಬಳ್ಳಿ ಆ ಖರ್ಚನ್ನು ಪಕ್ಕದ ಮರದ ಲೆಕ್ಕಕ್ಕೆ ಬರೆದು, ತನ್ನ ಗಳಿಕೆಯನ್ನೆಲ್ಲ ಉದ್ದಕ್ಕೂ ಎಲೆಗೂ ಸುರಿಯುತ್ತದೆ. ಎಲೆಯ ತುದಿಯೇ ಕವಲೊಡೆದ ಕುಡಿಯಾಗಿ ಸಿಕ್ಕ ರೆಂಬೆಗೆ ನುಲಿದುಕೊಳ್ಳುತ್ತದೆ. ಮರದ ನೆತ್ತಿಯಲ್ಲಿ ಹರಡಿದ ಅಷ್ಟೊಂದು ಎಲೆಗೆ ನೀರು ಮುಟ್ಟಬೇಕಲ್ಲ? ಅದಕ್ಕೇ ಇಂಥ ಬಳ್ಳಿಗಳ ನೀರ್ಗೊಳವೆಗಳು ಸಾಮಾನ್ಯವಾಗಿ ಮರಗಳದ್ದಕ್ಕಿಂತ ಅಗಲ.

ಹೂವು ಮಾತ್ರ ಕೆನೆಬಣ್ಣದ ಪುಟ್ಟ ತೆನೆ. ಎದ್ದು ಕಾಣುವಂಥದ್ದಲ್ಲ.

ಒಣಗಿದ ಕಾಯಿ ಅವರೆಯಂತೆ ಬಾಯಿ ಬಿಡುವುದಿಲ್ಲ. ಬೀಜಕ್ಕೊಂದರಂತೆ ತುಂಡು ತುಂಡಾಗಿ ಕಳಚಿಕೊಂಡು, ಅಂಚಿನ ಚೌಕಟ್ಟಷ್ಟೇ ಗಾಜು ಉದುರಿದ ಕಿಟಕಿಯಂತೆ ಮೇಲೆ ಜೋತಾಡುತ್ತದೆ. ಬೀಜವೋ, ಅಂಗೈಗೆ ತಣ್ಣಗೆ ಹತ್ತುವ ನುಣುಪಾದ ಕಂದು ಬಿಲ್ಲೆ. ಅಗಲ ಸುಮಾರು 5 ಸೆಂ.ಮೀ. ಎರಡು ಬೇಳೆಗಳ ನಡುವೆ ಗಾಳಿ ತುಂಬಿದ ಪೊಳ್ಳು ಇರುವುದರಿಂದ ಅದು ತೇಲುತ್ತದೆ. ಮಳೆಗಾಲದಲ್ಲಿ ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಈ ಪ್ರಭೇದ ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹಬ್ಬಿರುವುದರ ಗುಟ್ಟು ಇದೇ.

ಹೆಸರಿನಲ್ಲಿರುವ ರೀಡ್, ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ ಅವನ ‘ಹೊರ್ತುಸ್ ಮಲಬಾರಿಕುಸ್’ನಲ್ಲಿ ಇದು ‘ಪೆರಿಂ ಕಾಕುವಳ್ಳಿ’.

ಬೆಲೆಬಾಳುವ ನಾಟಾ ಮರಕ್ಕೆ ತೊಡಕೆಂದು ಕಾಡಿನ ಬಳ್ಳಿ ಕಡಿಸುವುದು ಅರಣ್ಯ ಇಲಾಖೆಗಳ ಹಳೆಯ ರೂಢಿ. ನಾಟಾದ ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ಜಿಗಿಯಲು ಬಾರದ ಕಾಡುಪಾಪಕ್ಕೆ ಮರದಿಂದ ಮರಕ್ಕೆ ದಾಟಲು ಇಂಥ ಬಳ್ಳಿಗಳೇ ಸೇತುವೆ.

ಬೀಜ ಸಿಕ್ಕರೆ ಹಸಿಯಾಗಿ ಬಾಯಿಗೆ ಹಾಕಬೇಡಿ, ಅದರಲ್ಲಿ ನೊರೆಗಟ್ಟುವ ಸಪೋನಿನ್ ಇದೆ. ಬೆಳೆಸುವ ಆಸೆಯಿದ್ದರೆ ಅಂಚನ್ನು ಕಲ್ಲಿಗೆ ತಿಕ್ಕಿ, ನೆನೆಹಾಕಿ ಊರಬಹುದು. ಅಡಿಕೆ ತೋಟದ ಹತ್ತಿರ ಮಾತ್ರ ಬೇಡ.